ಬೆಂಕಿಗೆ ತಕ್ಕ ಉಡುಪು: ಅಗ್ನಿಶಾಮಕರ ರಕ್ಷಣಾ ಸಾಧನಗಳ ಒಂದು ಚಾರಿತ್ರಿಕ ನೋಟ

ಉಡುಗೆ ತೊಡುಗೆಗಳ ಅಧ್ಯಯನ ಜಾನಪದಕ್ಕೆ ಹೊಸದೇನಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕುರುಬರ ಕಂಬಳಿ, ಲಂಬಾಣಿ ಹೆಂಗಸರ ಕಸೂತಿ ಇವೆಲ್ಲ ಭೌತಿಕ ಸಂಸ್ಕೃತಿಯ ಅಂಗಗಳಾಗಿ ವಿದ್ವಾಂಸರ ಗಮನ ಸೆಳೆದಿವೆ. ಆದರೆ ಈ ಅಧ್ಯಯನಗಳ ಒಲವು ಹಬ್ಬದ ಉಡುಪು, ಕುಣಿತದ ಉಡುಪು, ಪಂಗಡದ ಗುರುತಿನ ಉಡುಪುಗಳ ಕಡೆಗೆ ಇದ್ದಷ್ಟು ದುಡಿಮೆಯ ಉಡುಪಿನ ಕಡೆಗೆ ಇಲ್ಲ. ಅದರಲ್ಲೂ ಜೀವಕ್ಕೇ ಎರವಾಗಬಹುದಾದ ದುಡಿಮೆಯಲ್ಲಿ ತೊಡಗಿದವರು ಮೈಮೇಲೆ ಏನನ್ನು ಧರಿಸುತ್ತಾರೆ, ಕೈಯಲ್ಲಿ ಏನನ್ನು ಹಿಡಿಯುತ್ತಾರೆ, ಅದು ಅವರನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬ ಪ್ರಶ್ನೆಗಳು ತಾಂತ್ರಿಕ ಇಲಾಖೆಗಳ ಪಾಲಿಗೇ ಉಳಿದುಬಂದಿವೆ. ಬೆಂಕಿ ಆರಿಸುವವರ ಉಡುಪು ಇಂಥದೊಂದು ನಿರ್ಲಕ್ಷಿತ ವಸ್ತು.

ಅಗ್ನಿಶಾಮಕರಿಗೆ ರಕ್ಷಣಾ ಉಡುಪು ಇದೆಯೇ ಎಂದು ಕೇಳುವುದು ರೂಢಿ. ಇತಿಹಾಸವನ್ನು ನೋಡಿದರೆ ಈ ಪ್ರಶ್ನೆ ಅಪೂರ್ಣವೆಂದು ತೋರುತ್ತದೆ. ಉಡುಪು ಇದ್ದೂ ಸತ್ತವರಿದ್ದಾರೆ. ಉಡುಪೇ ಅಪಾಯಕ್ಕೆ ಜೊತೆಗೂಡಿದ ಸಂದರ್ಭಗಳೂ ಇವೆ. ಎದುರಿಗಿರುವ ಅವಘಡಕ್ಕೆ ಆ ಉಡುಪು ತಕ್ಕದ್ದೇ ಎಂಬುದು ಸರಿಯಾದ ಪ್ರಶ್ನೆ. ಮನೆಯ ಬೆಂಕಿ, ಹಡಗಿನ ಬೆಂಕಿ, ವಿಕಿರಣ, ಹಾಳುಬಾವಿಯ ವಿಷಗಾಳಿ, ಕಾಡ್ಗಿಚ್ಚು ಇವು ಒಂದೇ ಶತ್ರುವಿನ ಹಲವು ರೂಪಗಳಲ್ಲ. ಬೇರೆ ಬೇರೆ ಶತ್ರುಗಳು. ಈ ಮಾತನ್ನು ಕೆಲವು ಚಾರಿತ್ರಿಕ ನಿದರ್ಶನಗಳ ಮೂಲಕ ಪರಿಶೀಲಿಸಿ, ಕರ್ನಾಟಕದ ಕಾಡಂಚಿನವರೆಗೆ ತಂದು ನಿಲ್ಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಡೋ ನಗರದ ಹೊಲಿಗೆಯ ಅಂಗಿ

ಬೆಂಕಿಗೆ ತಕ್ಕ ಉಡುಪನ್ನು ಜನಸಮುದಾಯವೊಂದು ತಾನೇ ರೂಪಿಸಿಕೊಂಡ ಒಳ್ಳೆಯ ನಿದರ್ಶನ ಜಪಾನಿನ ಎಡೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ ದೊರೆಯುತ್ತದೆ. ಮರ ಮತ್ತು ಕಾಗದದ ಮನೆಗಳು ಒತ್ತೊತ್ತಾಗಿ ನಿಂತಿದ್ದ ಆ ನಗರಕ್ಕೆ ಬೆಂಕಿ ವರ್ಷವರ್ಷದ ಅತಿಥಿಯಾಗಿತ್ತು. 1657ರ ಮೆಯಿರೆಕಿ ಮಹಾಗ್ನಿಯಲ್ಲಿ ನಗರದ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟುಹೋಯಿತು. ಸತ್ತವರ ಸಂಖ್ಯೆ ಒಂದು ಲಕ್ಷದಷ್ಟಿತ್ತೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ನಗರದ ಆಡಳಿತಾಧಿಕಾರಿಯಾಗಿದ್ದ ಓಒಕ ತದಾಸುಕೆಯ ಕಾಲದಲ್ಲಿ, 1720ರ ಸುಮಾರಿಗೆ, ಸಾಮಾನ್ಯ ನಾಗರಿಕರ ಬೆಂಕಿ ಪಡೆಗಳು ವ್ಯವಸ್ಥಿತ ರೂಪ ಪಡೆದವು. ಜಪಾನೀ ಅಕ್ಷರಮಾಲೆಯ ಅಕ್ಷರಗಳನ್ನೇ ಹೆಸರಾಗಿ ಪಡೆದ ಈ ಪಡೆಗಳ ಸಂಖ್ಯೆ ಮುಂದೆ 48ಕ್ಕೆ ನಿಂತಿತು. ಇವುಗಳ ಜೀವಾಳವಾಗಿದ್ದವರು ಕಟ್ಟಡಗಳ ಎತ್ತರದಲ್ಲಿ ಕೆಲಸ ಮಾಡಿ ಪಳಗಿದ್ದ ಕೂಲಿಕಾರರು.

ಆ ಕಾಲದ ಅಗ್ನಿಶಮನವೆಂದರೆ ನೀರೆರಚುವುದಕ್ಕಿಂತ ಮುಖ್ಯವಾಗಿ ಕೆಡಹುವುದು. ಉರಿಯುವ ಮನೆಯ ಸುತ್ತಲಿನ ಮನೆಗಳನ್ನು ಉದ್ದ ಹಿಡಿಯ ಕೊಕ್ಕೆಗಳಿಂದ ಎಳೆದು ಉರುಳಿಸಿ, ಬೆಂಕಿಗೆ ಮುಂದೆ ಮೇವು ಸಿಗದಂತೆ ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಪಕ್ಕದ ಬಣವೆಯನ್ನು ಕವೆಗೋಲಿನಿಂದ ಎಳೆದು ದೂರ ಹಾಕುವ ತರ್ಕವೇ ಇಲ್ಲಿಯೂ ಇದೆ. ಇಂಥ ಕೆಲಸಕ್ಕೆ ಕಿಡಿಯನ್ನೂ ಶಾಖವನ್ನೂ ಸ್ವಲ್ಪ ಹೊತ್ತು ತಡೆಯುವ, ಆದರೆ ಏಣಿ ಹತ್ತಲು, ಕೊಕ್ಕೆ ಬೀಸಲು ಅಡ್ಡಿಯಾಗದ ಉಡುಪು ಬೇಕಾಗಿತ್ತು. ಹತ್ತಿಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದಿಟ್ಟು ದಟ್ಟವಾಗಿ ಹೊಲಿದ ಗಿಡ್ಡ ಮೇಲಂಗಿ ಅದಕ್ಕೆ ಉತ್ತರವಾಗಿ ಬಂತು. ಸಶಿಕೊ ಎನ್ನುವ ಆ ಹೊಲಿಗೆ ಉತ್ತರ ಕರ್ನಾಟಕದ ಕೌದಿಯ ಹೊಲಿಗೆಯನ್ನು ನೆನಪಿಗೆ ತರುತ್ತದೆ. ಅಂಗಿ, ಕುಲಾವಿ, ಕೈಗವಸುಗಳನ್ನು ನೀರಿನಲ್ಲಿ ತೊಯ್ಯಿಸಿ ಪಡೆಯವರು ಬೆಂಕಿಗೆ ಎದುರಾಗುತ್ತಿದ್ದರು. ಬಟ್ಟೆಯಲ್ಲಿನ ನೀರು ಆವಿಯಾಗುವಷ್ಟು ಹೊತ್ತು ಮೈಗೆ ಶಾಖ ತಟ್ಟದು. ಆ ಹೊತ್ತು ಮೀರಿದರೆ ಆವಿಯೇ ಮೈಯನ್ನು ಬೇಯಿಸುತ್ತದೆ. ಹಾಗಾಗಿ ಆ ಉಡುಪಿಗೆ ಒಂದು ಗಡುವಿತ್ತು.

ಈ ಅಂಗಿಯ ಒಳಮೈಯಲ್ಲಿ ನೀರಿಗೆ ಅಧಿದೇವತೆಯಾದ ಡ್ರ್ಯಾಗನ್, ಕಥೆಗಳ ವೀರರು, ಅಬ್ಬರಿಸುವ ಅಲೆಗಳು ಮುಂತಾದ ಚಿತ್ರಗಳಿರುತ್ತಿದ್ದವು. ಬೆಂಕಿ ಆರಿದ ಮೇಲೆ ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟು ಬೀದಿಯಲ್ಲಿ ಮೆರೆಯುವ ಪದ್ಧತಿ ಇತ್ತು. 1659ರಲ್ಲಿ ಆರಂಭವಾದ ಹೊಸ ವರ್ಷದ ಅಗ್ನಿಶಾಮಕ ಮೆರವಣಿಗೆ, ಬಿದಿರೇಣಿಯ ಮೇಲಿನ ಸಾಹಸ ಪ್ರದರ್ಶನಗಳು ಟೋಕಿಯೋದಲ್ಲಿ ಇಂದಿಗೂ ನಡೆಯುತ್ತವೆ. ರಕ್ಷಣೆ, ನಂಬಿಕೆ, ಪ್ರತಿಷ್ಠೆ ಮೂರೂ ಒಂದೇ ಬಟ್ಟೆಯಲ್ಲಿ ಹೊಲಿಗೆಗೊಂಡಿದ್ದುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹ. ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಅದೇ ನಗರದಲ್ಲಿ ಸಮುರಾಯಿ ವರ್ಗದ ಬೆಂಕಿ ಪಡೆಗಳೂ ಇದ್ದವು. ಅವರ ಉಡುಪು ಹೊಗೆಯಲ್ಲಿ ಹದಮಾಡಿದ ಜಿಂಕೆಯ ಚರ್ಮ ಮತ್ತು ಹೊರನಾಡಿನಿಂದ ತರಿಸಿದ ಉಣ್ಣೆಯದು. ಒಂದೇ ಬೆಂಕಿಯ ಮುಂದೆ ಎರಡು ವರ್ಗಗಳಿಗೆ ಎರಡು ಬಗೆಯ ಬಟ್ಟೆ ಇದ್ದ ಈ ಸಂಗತಿ ಕಾಡಂಚಿನ ಚರ್ಚೆಯಲ್ಲಿ ಮತ್ತೆ ಎದುರಾಗುತ್ತದೆ.

ಮುಂಬಯಿ ಬಂದರು, 1944

ಎಡೋ ನಗರದ ಪಡೆಗಳಿಗೆ ತಮ್ಮ ಮುಂದೆ ಉರಿಯುತ್ತಿರುವುದು ಏನೆಂದು ಗೊತ್ತಿತ್ತು. ಆಧುನಿಕ ಕಾಲದ ಬೆಂಕಿಯಲ್ಲಿ ಈ ಖಚಿತತೆ ಇಲ್ಲವಾಯಿತು. ಭಾರತದ ಮಟ್ಟಿಗೆ ಇದರ ಅತ್ಯಂತ ದಾರುಣ ನಿದರ್ಶನ ಮುಂಬಯಿಯ ವಿಕ್ಟೋರಿಯಾ ಬಂದರಿನ ಸ್ಫೋಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಿಂದ ಕರಾಚಿ ಮಾರ್ಗವಾಗಿ ಬಂದಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳು ಮತ್ತು ಸಾವಿರಾರು ಹತ್ತಿಯ ಅಂಡಿಗೆಗಳು ಒಟ್ಟಿಗೇ ತುಂಬಿದ್ದವು. 1944ರ ಏಪ್ರಿಲ್ 14ರ ಮಧ್ಯಾಹ್ನ ಹಡಗಿನ ಒಡಲಲ್ಲಿ ಹೊಗೆ ಕಾಣಿಸಿಕೊಂಡಿತು. ಅಗ್ನಿಶಾಮಕರು ತಾಸುಗಟ್ಟಲೆ ನೀರು ಹಾಯಿಸಿದರೂ ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ ನಾಲ್ಕು ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಸಿಡಿಯಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ ಎರಡನೆಯ ಸ್ಫೋಟವಾಯಿತು. ಸತ್ತವರು ಏಳುನೂರಕ್ಕೂ ಹೆಚ್ಚು. ಅವರಲ್ಲಿ ಮುಂಬಯಿ ಅಗ್ನಿಶಾಮಕ ದಳದ 66 ಮಂದಿ ಇದ್ದರು. ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುವುದು ಇವರ ಸ್ಮರಣೆಗಾಗಿಯೇ.

ಆ 66 ಮಂದಿಗೆ ಉತ್ತಮ ಉಡುಪಿದ್ದರೆ ಬದುಕುತ್ತಿದ್ದರೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಅಷ್ಟು ಪ್ರಮಾಣದ ಸ್ಫೋಟಕವನ್ನು ತಡೆಯುವ ಬಟ್ಟೆಯನ್ನು ಯಾರೂ ನೇಯ್ದಿಲ್ಲ. ಅವರಿಗೆ ಬೇಕಾಗಿದ್ದುದು ಮಾಹಿತಿ: ಒಳಗೆ ಏನಿದೆ, ಅದು ಎಷ್ಟು ಹೊತ್ತಿಗೆ ಸಿಡಿಯಬಹುದು, ಯಾವಾಗ ಹಿಂದೆ ಸರಿಯಬೇಕು ಎಂಬ ತಿಳಿವಳಿಕೆ. ಹಡಗಿನಲ್ಲಿ ಸ್ಫೋಟಕಗಳಿವೆ ಎಂದು ಸೂಚಿಸುವ ಕೆಂಪು ಬಾವುಟವೂ ಹಾರಿರಲಿಲ್ಲ. ಅಪಾಯಕಾರಿ ರಾಸಾಯನಿಕಗಳನ್ನು ಸಾಗಿಸುವ ಲಾರಿಗಳು ವಸ್ತುವಿನ ಹೆಸರು, ಗುರುತಿನ ಸಂಖ್ಯೆ, ತುರ್ತು ಸಂಪರ್ಕವನ್ನು ತೋರುವ ಫಲಕವನ್ನು ಹೊತ್ತಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ವಿಧಿಸುತ್ತವೆ. ಹೆದ್ದಾರಿಯಲ್ಲಿ ಮಗುಚಿದ ಟ್ಯಾಂಕರಿನ ಮುಂದೆ ನಿಂತವನಿಗೆ ಆ ಫಲಕವೇ ಮೊದಲನೆಯ ಕವಚ. ಅದನ್ನು ಓದಿದ ನಂತರವಷ್ಟೇ ಯಾವ ಉಡುಪು ತೊಡಬೇಕೆಂಬುದು ತೀರ್ಮಾನವಾಗುತ್ತದೆ.

ಚರ್ನೋಬಿಲ್‌ನ ನೆನೆದ ಬಟ್ಟೆ

1986ರ ಏಪ್ರಿಲ್ 26ರ ನಡುರಾತ್ರಿಯ ನಂತರ, ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಚರ್ನೋಬಿಲ್ ಪರಮಾಣು ವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕ ಸಿಡಿಯಿತು. ಸ್ಥಾವರದ ಪಡೆಯವರೂ ಪಕ್ಕದ ಪ್ರಿಪ್ಯತ್ ಪಟ್ಟಣದ ಪಡೆಯವರೂ ಕೆಲವೇ ನಿಮಿಷಗಳಲ್ಲಿ ಬಂದು, ಡಾಂಬರಿನ ಚಾವಣಿಯ ಮೇಲಿನ ಬೆಂಕಿಯನ್ನು ಬೆಳಗಾಗುವುದರೊಳಗೆ ನಂದಿಸಿದರು. ಅವರ ಮೈಮೇಲಿದ್ದುದು ಸಾಮಾನ್ಯ ಬೆಂಕಿಗೆಂದು ಒದಗಿಸಿದ್ದ ದಪ್ಪ ಕ್ಯಾನ್ವಾಸಿನ ಉಡುಪು ಮತ್ತು ಶಿರಸ್ತ್ರಾಣ. ಜ್ವಾಲೆಯ ಮಟ್ಟಿಗೆ ಅದು ತನ್ನ ಕೆಲಸ ಮಾಡಿತು. ಆದರೆ ಅಲ್ಲಿದ್ದ ದೊಡ್ಡ ಶತ್ರು ಜ್ವಾಲೆಯಾಗಿರಲಿಲ್ಲ. ತೀವ್ರ ವಿಕಿರಣ ಕಾಯಿಲೆಗೆ ತುತ್ತಾದವರೆಂದು ದೃಢಪಟ್ಟ 134 ಮಂದಿಯಲ್ಲಿ 28 ಮಂದಿ ಆ ವರ್ಷವೇ ತೀರಿಕೊಂಡರು. ಅವರಲ್ಲಿ ಆರು ಮಂದಿ ಅಗ್ನಿಶಾಮಕರು.

ಬೀಟಾ ಕಿರಣಗಳಿಂದಾದ ಚರ್ಮದ ಸುಟ್ಟಗಾಯಗಳು ಈ ಸಾವುಗಳಿಗೆ ಕಾರಣವಾದ ಮುಖ್ಯ ಅಂಶಗಳಲ್ಲಿ ಒಂದು. ವಿಕಿರಣಶೀಲ ಧೂಳು ಬೆರೆತ ನೀರಿನಿಂದ ತೊಯ್ದ ಬಟ್ಟೆ ಆ ಧೂಳನ್ನು ಮೈಗೆ ಅಂಟಿಸಿ ಹಿಡಿದಿತ್ತು. ಎಡೋ ನಗರದಲ್ಲಿ ನೆನೆದ ಬಟ್ಟೆ ಜೀವ ಉಳಿಸಿತು, ಚರ್ನೋಬಿಲ್‌ನಲ್ಲಿ ನೆನೆದ ಬಟ್ಟೆಯೇ ಗಾಯವನ್ನು ಆಳ ಮಾಡಿತು. ಒಂದು ಅವಘಡದಲ್ಲಿ ವಿವೇಕವೆನಿಸಿದ್ದು ಇನ್ನೊಂದರಲ್ಲಿ ಅನಾಹುತವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಗಾಮಾ ಕಿರಣಗಳನ್ನು ತಡೆಯಬಲ್ಲ, ತೊಟ್ಟು ಓಡಾಡಬಹುದಾದ ಉಡುಪು ಇಲ್ಲ. ಅಲ್ಲಿ ಬೇಕಾದುದು ವಿಕಿರಣವನ್ನು ಅಳೆಯುವ ಮಾಪಕ, ಧೂಳು ಒಳಹೋಗದ ಹೊದಿಕೆ, ಉಸಿರಿನ ರಕ್ಷಣೆ ಮತ್ತು ಪಾಳಿಯ ಮೇಲೆ ಬಿಗಿಯಾದ ಕಾಲಮಿತಿ. ಅಂದು ಕಳಚಿಹಾಕಿದ ಬಟ್ಟೆಗಳು ಪ್ರಿಪ್ಯತ್ ಆಸ್ಪತ್ರೆಯ ನೆಲಮಾಳಿಗೆ ಸೇರಿದವು. ದಶಕಗಳು ಕಳೆದ ಮೇಲೂ ಅವುಗಳಿಂದ ವಿಕಿರಣ ಹೊಮ್ಮುತ್ತಲೇ ಇತ್ತು.

ಹೊಗೆ ಮತ್ತು ಹಾಳುಬಾವಿ

ಕರ್ನಾಟಕದಲ್ಲಿ ಅಗ್ನಿಶಾಮಕ ವ್ಯವಸ್ಥೆಗೆ ಕಾನೂನಿನ ಚೌಕಟ್ಟು ಒದಗಿದ್ದು 1964ರ ಅಗ್ನಿಶಾಮಕ ದಳ ಅಧಿನಿಯಮದಿಂದ. ಅಲ್ಲಿಂದೀಚೆಗೆ ದಳದ ಹೊಣೆ ಬೆಂಕಿಯಾಚೆಗೂ ಹಬ್ಬಿತು. ಇಲಾಖೆಯ ಹೆಸರಿನಲ್ಲಿ ‘ತುರ್ತು ಸೇವೆ’ ಎಂಬ ಮಾತು ಸೇರಿರುವುದೇ ಇದನ್ನು ಹೇಳುತ್ತದೆ. ಕುಸಿದ ಕಟ್ಟಡ, ನೆರೆ, ಕೊಳವೆಬಾವಿ, ಅನಿಲ ಸೋರಿಕೆ ಎಲ್ಲಕ್ಕೂ ಕರೆ ಹೋಗುವುದು ಅದೇ ಠಾಣೆಗೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಮೊದಲನೆಯದು ಜ್ವಾಲೆಯ ದುರಂತವಾದರೆ ಎರಡನೆಯದು ಮುಖ್ಯವಾಗಿ ಹೊಗೆಯದು; ಉಸಿರುಗಟ್ಟಿದ ಜನ ಮೇಲಿನ ಮಹಡಿಗಳಿಂದ ಹಾರಿದ್ದರು. ಇಂಥ ಕಟ್ಟಡದೊಳಗೆ ಹೋಗುವವನಿಗೆ ಶಾಖ ತಡೆಯುವ ಅಂಗಿಗಿಂತ ಮೊದಲು ಬೇಕಾದುದು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು ಮತ್ತು ಮುಖವನ್ನು ಪೂರ್ತಿ ಮುಚ್ಚುವ ಮುಖವಾಡ. ಸಿಲಿಂಡರಿನ ಗಾತ್ರಕ್ಕೂ ದುಡಿಮೆಯ ತೀವ್ರತೆಗೂ ಅನುಗುಣವಾಗಿ ಅದು ಅರ್ಧ ಗಂಟೆಯ ಆಸುಪಾಸು ಬಾಳುತ್ತದೆ. ಎಡೋ ನಗರದ ನೆನೆದ ಅಂಗಿಯಂತೆ ಇದಕ್ಕೂ ಗಡುವಿದೆ.

ಹಾಳುಬಾವಿಗೆ ಇಳಿಯುವ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿ, ಅದು ಆರಿದರೆ ಇಳಿಯಬಾರದೆನ್ನುವ ತಿಳಿವಳಿಕೆ ನಮ್ಮ ಗ್ರಾಮಗಳಲ್ಲಿ ಪರಂಪರೆಯಿಂದ ಬಂದಿದೆ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕೆ ಇಳಿದಾಗ ಸಣ್ಣ ಜ್ವಾಲೆ ಆರುತ್ತದೆ. ಹಾಗಾಗಿ ಈ ಪರೀಕ್ಷೆಗೆ ವೈಜ್ಞಾನಿಕ ತಳಹದಿ ಇದೆ. ಆದರೆ ಇದರ ಮಿತಿಯನ್ನೂ ಗುರುತಿಸಬೇಕು. ಚರಂಡಿ ಗುಂಡಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲಬಲ್ಲದು. ಮೀಥೇನ್ ತುಂಬಿದ್ದರಂತೂ ದೀಪವೇ ಸ್ಫೋಟಕ್ಕೆ ಕಾರಣ. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ, ಗಾಳಿ ಸೋಸುವ ಮುಖವಾಡವಾಗಲಿ ಇಲ್ಲಿ ನೆರವಿಗೆ ಬಾರದು. ಸೋಸಲು ಒಳಗೆ ಆಮ್ಲಜನಕವೇ ಇಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಅವನನ್ನು ಎತ್ತಲು ಇಳಿದ ಮತ್ತೊಬ್ಬನೂ ಸಾಲಾಗಿ ಸಾಯುವ ಸುದ್ದಿಗಳ ಹಿಂದೆ ಇರುವುದು ಧೈರ್ಯದ ಕೊರತೆಯಲ್ಲ, ಅವಘಡಕ್ಕೆ ತಕ್ಕ ಸಾಧನದ ಕೊರತೆ.

ಕಾಡ್ಗಿಚ್ಚು ಮತ್ತು ಹಸಿರು ಸೊಪ್ಪು

ರಕ್ಷಣಾ ಉಡುಪಿನ ಚರ್ಚೆಯಿಂದ ಬಹುಮಟ್ಟಿಗೆ ಹೊರಗುಳಿದವರು ಕಾಡಿನ ಬೆಂಕಿ ಆರಿಸುವವರು. ಬೇಸಗೆಯ ತಿಂಗಳುಗಳಲ್ಲಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮುಂತಾದ ಕಡೆ ಈ ಕೆಲಸಕ್ಕೆ ನಿಲ್ಲುವವರು ಅರಣ್ಯ ರಕ್ಷಕರು ಮತ್ತು ಹಂಗಾಮಿ ಕಾವಲುಗಾರರು. ಸೋಲಿಗ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳವರು ಈ ಕಾವಲುಗಾರರಲ್ಲಿದ್ದಾರೆ. ಇವರ ಪ್ರಧಾನ ಆಯುಧ ಹಸಿರು ಸೊಪ್ಪಿನ ಕೊಂಬೆ. ಹುಲ್ಲಿನ ಬೆಂಕಿಯ ಅಂಚನ್ನು ಅದರಿಂದ ಬಡಿದು ಆರಿಸುತ್ತಾರೆ. ಗಾಳಿ ಕಡಿಮೆಯಿದ್ದು ಜ್ವಾಲೆ ಗಿಡ್ಡವಾಗಿರುವಾಗ ಇದು ಪರಿಣಾಮಕಾರಿಯೇ. ಗಾಳಿ ತಿರುಗಿ, ಲಂಟಾನದ ಪೊದೆಗೋ ಒಣಬಿದಿರಿಗೋ ಬೆಂಕಿ ತಗುಲಿದರೆ ಕೊಂಬೆ ಹಿಡಿದವನಿಗೂ ಬೆಂಕಿಗೂ ನಡುವೆ ಇರುವುದು ಅವನ ಕೈಯಳತೆಯ ದೂರ ಮಾತ್ರ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರವರಿಯಲ್ಲಿ ಅದೇ ಕಾಡು ಮತ್ತೆ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿಂದ ನೀರು ಸುರಿದವು. ಆಗಲೂ ನೆಲದ ಮೇಲಿನ ದುಡಿಮೆ ಕೈಬಲದ್ದೇ ಆಗಿತ್ತು.

ನಗರದ ಅಗ್ನಿಶಾಮಕರ ಉಡುಪನ್ನೇ ಇವರಿಗೂ ಕೊಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಕಟ್ಟಡದ ಬೆಂಕಿಗೆಂದು ಸಿದ್ಧಪಡಿಸಿದ ಇಂದಿನ ಉಡುಪಿನಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಜ್ವಾಲೆ ತಡೆಯುವ ಹೊರಪದರ, ನೀರು ತಡೆಯುವ ನಡುಪದರ, ಗಾಳಿಯನ್ನು ಹಿಡಿದಿಟ್ಟು ಶಾಖ ತಡೆಯುವ ಒಳಪದರ. 1960ರ ದಶಕದಲ್ಲಿ ಬಂದ ನೋಮೆಕ್ಸ್‌ನಂಥ ನೂಲುಗಳು ಇದನ್ನು ಸಾಧ್ಯವಾಗಿಸಿದವು. ಸ್ವಲ್ಪ ಹೊತ್ತು ಒಳಹೋಗಿ ಹೊರಬರುವವನಿಗೆ ಇದು ತಕ್ಕದ್ದು. ಉರಿಬಿಸಿಲಿನಲ್ಲಿ ದಿನವಿಡೀ ಗುಡ್ಡ ಹತ್ತಿಳಿಯುವವನಿಗೆ ಇದೇ ಉಡುಪು ಮೈಯ ಬಿಸಿಯನ್ನು ಹೊರಬಿಡದೆ ಉಷ್ಣಾಘಾತ ತರುತ್ತದೆ. ಆದ್ದರಿಂದಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಕಟ್ಟಡದ ಬೆಂಕಿಯ ಉಡುಪಿಗೆ 11613 ಎಂಬ ಮಾನಕವನ್ನೂ ಕಾಡಿನ ಬೆಂಕಿಯ ಉಡುಪಿಗೆ 15384 ಎಂಬ ಬೇರೆ ಮಾನಕವನ್ನೂ ರೂಪಿಸಿದೆ. ಕಾಡಿಗೆ ಬೇಕಾದುದು ಹಗುರವಾದ, ಗಾಳಿಯಾಡುವ, ತುಂಬುತೋಳಿನ, ಜ್ವಾಲೆ ಹತ್ತದ ಬಟ್ಟೆ, ಕಾಲಿಗೆ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕೈಗವಸು, ಕುಡಿಯಲು ಸಾಕಷ್ಟು ನೀರು.

ಇಲ್ಲಿ ಬಟ್ಟೆಯ ನೂಲಿನ ಬಗೆ ಅತಿ ಮುಖ್ಯವಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಅಗ್ಗಕ್ಕೆ ಸಿಗುವ, ಇಸ್ತ್ರಿ ಕೆಡದ ಟೆರಿಕಾಟ್ ಖಾಕಿ ಪೆರೇಡಿಗೆ ಒಪ್ಪುವಂಥದು, ಬೆಂಕಿಗಲ್ಲ. ಉಣ್ಣೆಯ ಗುಣ ಬೇರೆ. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕರಗುವುದಿಲ್ಲ. ಕಿಡಿ ಬಿದ್ದಲ್ಲಿ ಕರಿಕಾಗಿ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಅಗ್ನಿಶಾಮಕರು ಉಣ್ಣೆಯ ಮೇಲಂಗಿ ತೊಡುತ್ತಿದ್ದುದಕ್ಕೂ ನಮ್ಮ ಹಳ್ಳಿಗರು ಮೈಗೆ ಬೆಂಕಿ ಹತ್ತಿದವರ ಮೇಲೆ ಕಂಬಳಿ ಹೊದಿಸುವುದಕ್ಕೂ ಇರುವ ಆಧಾರ ಒಂದೇ. ಕುರಿಗಾಹಿಯ ಕಂಬಳಿಯಲ್ಲಿ ಅಡಗಿರುವ ಈ ಅರಿವು ಸಮವಸ್ತ್ರ ಖರೀದಿಸುವವರ ಗಮನಕ್ಕೆ ಬರಬೇಕಾದದ್ದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿ ಇತ್ತು. ಬೇಸಗೆ ಬಲಿಯುವ ಮೊದಲೇ, ತರಗೆಲೆ ತೆಳುವಾಗಿರುವಾಗ, ಸಣ್ಣ ಬೆಂಕಿ ಹಾಯಿಸಿ ಮುಂದಿನ ದೊಡ್ಡ ಬೆಂಕಿಗೆ ಮೇವಿಲ್ಲದಂತೆ ಮಾಡುವ ಕ್ರಮವದು. 1974ರಲ್ಲಿ ಆ ಪ್ರದೇಶ ವನ್ಯಜೀವಿಧಾಮವಾದ ಮೇಲೆ ಇದಕ್ಕೆ ಅವಕಾಶ ತಪ್ಪಿತು. ಈ ಪದ್ಧತಿಯ ಪರಿಸರ ಪರಿಣಾಮಗಳ ಬಗ್ಗೆ ವಿಜ್ಞಾನಿಗಳ ಚರ್ಚೆ ಏನೇ ಇರಲಿ, ಜ್ವಾಲೆಯನ್ನು ಮೊಣಕಾಲೆತ್ತರ ಮೀರದಂತೆ ಇಡುವುದೂ ಒಂದು ಬಗೆಯ ರಕ್ಷಣಾ ಸಾಧನವೇ ಎಂಬುದನ್ನು ಒಪ್ಪಬೇಕಾಗುತ್ತದೆ. ಆ ಅರಿವಿನ ವಾರಸುದಾರರೇ ಇಂದು ಎದೆಯೆತ್ತರದ ಬೆಂಕಿಯ ಮುಂದೆ ದಿನಗೂಲಿಗೆ ನಿಲ್ಲುತ್ತಿರುವುದು ವಿಪರ್ಯಾಸ. ಎಡೋ ನಗರದಲ್ಲಿ ವರ್ಗಭೇದವು ಬಟ್ಟೆಯ ಗುಣದಲ್ಲಿ ಕಾಣಿಸಿಕೊಂಡಿತ್ತು. ಉಡುಪು ಹುದ್ದೆಗೆ ಕೊಡುವ ವಸ್ತುವಾದರೆ ಹುದ್ದೆಯೇ ಇಲ್ಲದವನು ಅದರ ಲೆಕ್ಕದಿಂದ ಹೊರಗೇ ಉಳಿಯುತ್ತಾನೆ.

ಮಸಿಯ ಪ್ರತಿಷ್ಠೆ

ಸಾಧನ ಒದಗಿಸಿದ ಮಾತ್ರಕ್ಕೆ ಅದು ಬಳಕೆಯಾಗುತ್ತದೆ ಎನ್ನುವಂತಿಲ್ಲ. ವೃತ್ತಿಗೂ ತನ್ನದೇ ಜಾನಪದವಿದೆ. ಅಮೆರಿಕದ ಜಾನಪದ ವಿದ್ವಾಂಸ ರಾಬರ್ಟ್ ಮ್ಯಾಕ್‌ಕಾರ್ಲ್ ವಾಷಿಂಗ್ಟನ್ ನಗರದ ಅಗ್ನಿಶಾಮಕರ ವೃತ್ತಿ ಜಾನಪದವನ್ನು ಕುರಿತು ನಡೆಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಇಂಥ ವೃತ್ತಿಗಳಲ್ಲಿ ಹಿರಿಯರ ಕಥೆಗಳು, ಕಿರಿಯರ ಪರೀಕ್ಷೆ, ಧೈರ್ಯದ ಮಾನದಂಡಗಳು ಲಿಖಿತ ನಿಯಮಗಳಷ್ಟೇ ಬಲವಾಗಿರುತ್ತವೆ. ಮಸಿ ಹಿಡಿದ ಶಿರಸ್ತ್ರಾಣ, ಹೊಗೆ ವಾಸನೆಯ ಅಂಗಿ ಬಹುಕಾಲ ಅನುಭವದ ಬಿರುದಾಗಿದ್ದವು. ತೊಳೆದ ಅಂಗಿ ಹೊಸಬನ ಗುರುತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಗ್ನಿಶಾಮಕ ವೃತ್ತಿಯಲ್ಲಿನ ಒಡ್ಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬಿರುದೆಂದು ಹೊತ್ತಿದ್ದ ಮಸಿಯಲ್ಲಿಯೇ ವಿಷವಿತ್ತು. ನೀರು ಮತ್ತು ಎಣ್ಣೆ ಅಂಟದಂತೆ ಉಡುಪಿಗೆ ಬಳಸುತ್ತ ಬಂದ ಕೆಲವು ಫ್ಲೋರಿನ್ ಸಂಯುಕ್ತಗಳೂ ಈಗ ಶಂಕೆಗೆ ಒಳಗಾಗಿವೆ. ಹೀಗಾಗಿ ಇನ್ನೊಂದು ಜೊತೆ ಉಡುಪು, ಅದನ್ನು ಒಗೆಯುವ ವ್ಯವಸ್ಥೆ ಇವೂ ರಕ್ಷಣಾ ಸಾಧನಗಳ ಪಟ್ಟಿಗೆ ಸೇರಬೇಕಾಗಿದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಕನ್ನಡಿಗರೆಲ್ಲರಿಗೂ ಗೊತ್ತು. ಅದನ್ನು ಸಾಮಾನ್ಯವಾಗಿ ಮುಂದಾಲೋಚನೆ ಇಲ್ಲದ ಮನೆಯ ಯಜಮಾನನಿಗೆ ಅನ್ವಯಿಸಲಾಗುತ್ತದೆ. ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಅದರ ಅರ್ಥ ಇನ್ನಷ್ಟು ವಿಸ್ತಾರಗೊಳ್ಳುತ್ತದೆ. ಬಾವಿಯೊಂದನ್ನು ತೋಡಿಟ್ಟರೂ ಸಾಲದು, ಯಾವ ಬೆಂಕಿಗೆ ಯಾವ ಬಾವಿ ಎಂಬುದೂ ಮೊದಲೇ ಗೊತ್ತಿರಬೇಕು. ಎಡೋ ನಗರದ ಕೂಲಿಕಾರರಿಗೆ ಅದು ಗೊತ್ತಿತ್ತು, ಮುಂಬಯಿಯ 66 ಮಂದಿಗೆ ಯಾರೂ ಹೇಳಲಿಲ್ಲ, ಚರ್ನೋಬಿಲ್‌ನವರಿಗೆ ತಡವಾಗಿ ತಿಳಿಯಿತು. ಕರ್ನಾಟಕದ ಕಾಡಂಚಿನಲ್ಲಿ ಸೊಪ್ಪಿನ ಕೊಂಬೆ ಹಿಡಿದು ನಿಂತವರ ವಿಷಯದಲ್ಲಿ ತಿಳಿಯದಿದ್ದುದು ಏನೂ ಉಳಿದಿಲ್ಲ. ಉಳಿದಿರುವುದು ಆ ತಿಳಿವಳಿಕೆಯನ್ನು ಬಟ್ಟೆಯಾಗಿ, ಬೂಟಾಗಿ, ಕುಡಿಯುವ ನೀರಾಗಿ ಅವರ ಕೈಗೆ ತಲುಪಿಸುವ ಕೆಲಸ.